ತುಳಸಿ ಬುಡ ಸೇರಿದ ಚೆಕ್ಕು

ಬಾಡಿಗೆ ಮನೆಯಲ್ಲಿ ಇರುವವರೆಲ್ಲ ಒಮ್ಮೆ ಇತ್ತ ತಿರುಗಿ ಕುಳಿತುಕೊಳ್ಳಿ. ಅಂದರೆ ಎಲ್ಲರೂ ಎಂದಾಯಿತು. ಈ ಗಲ್ಫ್ ದೇಶದಲ್ಲಿ ಸ್ವಂತ ಮನೆ ಇರುವವರು ನಮ್ಮ ಕನ್ನಡ ಸಂಘದಲ್ಲಿ ಯಾರಿದ್ದಾರೆ?

ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಮನೆ ಹಿಡಿಯುವಾಗ ವರ್ಷದ ಬಾಡಿಗೆಗೆ ಮುಂದಿನ ತಾರೀಕು ಹಾಕಿ ಚೆಕ್ ಬರೆದು ಕೊಡುತ್ತೇವೆ. ಬರೆಯುವ ದಿನ ಆ ತಾರೀಕುಗಳು ಎಲ್ಲೋ ದೂರ ಇದ್ದ ಹಾಗೆ ಕಾಣುತ್ತವೆ. ತಾರೀಕು ಬಂದ ದಿನ ಖಾತೆಯಲ್ಲಿ ಹಣ ಇರಲೇಬೇಕು. ಇಲ್ಲದಿದ್ದರೆ ಚೆಕ್ ಬೌನ್ಸ್. ಊರಿನಲ್ಲಾದರೆ ವಕೀಲರು, ನೋಟೀಸು, ವಾಯಿದೆ ಎಂದು ವರ್ಷಗಟ್ಟಲೆ ಎಳೆಯಬಹುದು. ಇಲ್ಲಿ ಅದು ಪೊಲೀಸರ ಕೆಲಸ. ಇದು ಗೊತ್ತಿದ್ದೂ ನಾವು ಚೆಕ್ಕನ್ನು ಅಂಗಡಿ ಚೀಟಿಯಷ್ಟು ಹಗುರವಾಗಿ ನೋಡುತ್ತೇವೆ.

ನಾನು ಹೇಳುವುದು ಕಳೆದ ವರ್ಷ, 2017ರಲ್ಲಿ, ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ಮೋಹನದಾಸ್ ಅವರ ಮನೆಯಲ್ಲಿ ನಡೆದದ್ದು. ಬರೆಯಿರಿ ಎಂದು ಅವರೇ ಹೇಳಿದ್ದಾರೆ. ಅವರ ಹೆಂಡತಿ ಚಂದ್ರಮತಿ ಮಾತ್ರ, ಓದುವ ದಿನ ನಾನು ಬರುವುದಿಲ್ಲ ಅಂದರು. ಸಿಹಿ ಕಥೆ ಬೇಕಾದವರು ಪಾಯಸದ ಪಂಕ್ತಿಗೆ ಹೋಗಬಹುದು. ಇದು ಕಹಿ.

ಮೋಹನದಾಸ್ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಊರು ಉಡುಪಿ ಕಡೆ. ಒಂದು ದೊಡ್ಡ ವಿಲ್ಲಾದ ಹಿಂದಿನ ಭಾಗದಲ್ಲಿ ಅವರ ಸಂಸಾರ. ಅದೇ ವಿಲ್ಲಾದ ಮಹಡಿಯಲ್ಲಿ ಇಲ್ಯಾಸ್ ಮತ್ತು ಅವರ ಹೆಂಡತಿ ನಸೀಮ, ನಮ್ಮ ಕಡೆಯ ಬ್ಯಾರಿಗಳು. ನಸೀಮ ಮೊದಲು ಇಲ್ಲಿಯ ಒಂದು ಬ್ಯಾಂಕಿನಲ್ಲಿ ಚೆಕ್ ನೋಡುವ ವಿಭಾಗದಲ್ಲಿ ಕೆಲಸ ಮಾಡಿದವಳು. ಮಗು ಆದ ಮೇಲೆ ಬಿಟ್ಟಳು. ಮೇಲಿನ ಮನೆಯ ಅಕ್ಕಿರೊಟ್ಟಿ, ಅಂದರೆ ಪತ್ತಿರಿ, ಕೆಳಗೆ, ಕೆಳಗಿನ ಮನೆಯ ನೀರುದೋಸೆ ಮೇಲೆ ಹೋಗುತ್ತಿದ್ದ ಮನೆಗಳು ಅವು.

ಮೋಹನದಾಸ್‌ಗೆ ಒಬ್ಬಳೇ ಮಗಳು, ದೀಕ್ಷಿತಾ. ಅಲ್ ರೀಮ್ ಐಲ್ಯಾಂಡಿನ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಮದುವೆ ನಿಶ್ಚಯವಾಗಿತ್ತು, ಉಡುಪಿಯಲ್ಲಿ, ಒಂದು ಭಾನುವಾರ. ಅವಳು ಕೆಲಸ ಬಿಟ್ಟು ಮುಂಚೆಯೇ ಊರಿಗೆ ಹೋದಳು. ಅಪ್ಪ ಅಮ್ಮ ಮದುವೆಯ ವಾರ ಹೋಗುವುದೆಂದು ಟಿಕೆಟ್ ಆಗಿತ್ತು. ಮಗಳ ಧಾರೆ ಎರೆಯುವ ಆಸೆ ಮೋಹನದಾಸ್‌ಗೆ ಎಷ್ಟಿತ್ತೆಂದರೆ, ಅದಕ್ಕೆಂದೇ ತೆಗೆದಿಟ್ಟ ಪಂಚೆ ಶಾಲನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೂ ತೋರಿಸಿದ್ದರು.

ಅವರ ಬಾಡಿಗೆ ಕಂಪನಿಯದ್ದು. ಬಾಡಿಗೆಯ ತಾರೀಕು ಬರುವ ಮೊದಲು ಕಂಪನಿ ಮನೆಭತ್ಯೆಯನ್ನು ಚೆಕ್ಕಿನಲ್ಲಿ ಕೊಡುತ್ತದೆ. ಮೋಹನದಾಸ್ ಅದನ್ನು ತಮ್ಮ ಖಾತೆಗೆ ಹಾಕಬೇಕು. ಮನೆ ಕೊಟ್ಟ ರಿಯಲ್ ಎಸ್ಟೇಟ್ ಆಫೀಸಿನವರು ಅವರ ಬಾಡಿಗೆ ಚೆಕ್ಕನ್ನು ಬ್ಯಾಂಕಿಗೆ ಹಾಕಿ ಆ ಹಣ ಪಡೆಯುತ್ತಾರೆ. ಪ್ರತಿ ಸಲ ಅರ್ಧ ದಿನ ರಜೆ ಹಾಕಿ, ಬ್ಯಾಂಕಿನ ಶಾಖೆಗೆ ಹೋಗಿ, ಕೈಯಾರೆ ಚೆಕ್ ಕೊಟ್ಟು, ಸ್ಟ್ಯಾಂಪ್ ಹಾಕಿಸಿಕೊಂಡು ಬರುವುದು ಅವರ ಪದ್ಧತಿ. ಈ ಸಲ ಮುದೀರ್, ಅಂದರೆ ಕಂಪನಿಯ ಮ್ಯಾನೇಜರು, ಮುಖ ಸಿಂಡರಿಸಿದರು. ಮದುವೆಗೆ ರಜೆ ಕೊಟ್ಟಾಗಿದೆ, ಇನ್ನು ಅರ್ಧ ಗಂಟೆಯೂ ಮಾಫಿ, ಇಲ್ಲವೇ ಇಲ್ಲ ಅಂದರು.

ಊರಿಂದ ಮಗಳು ಫೋನಿನಲ್ಲೇ ದಾರಿ ತೋರಿಸಿದಳು.

"ಪಪ್ಪಾ, ನಾನು ನಿಮ್ಮ ಫೋನಿಗೆ ಬ್ಯಾಂಕಿನ ಆ್ಯಪ್ ಹಾಕಿ ಬಂದಿದ್ದೇನಲ್ಲ. ಚೆಕ್ಕಿನ ಫೋಟೋ ತೆಗೀರಿ, ಎದುರು ಒಂದು, ಹಿಂದೆ ಒಂದು. ಜಸ್ಟ್ ಸ್ನ್ಯಾಪ್ ಅಂಡ್ ಸೆಂಡ್. ಸೋ ಸಿಂಪಲ್!"

ಮೋಹನದಾಸ್ ನಂಬಲಿಲ್ಲ. ಸಂಜೆ ನಸೀಮ ಪತ್ತಿರಿ ತಂದಾಗ ಅವಳೆದುರು ನಗೆಯಾಡಿದರು.

"ಕೇಳಿದ್ಯಾ ನಸೀಮಾ? ಚೆಕ್ಕಿನ ಫೋಟೋ ಕಳಿಸಿದ್ರೆ ಹಣ ಬರ್ತದಂತೆ. ಹಾಗಾದ್ರೆ ನನ್ನ ಫೋಟೋ ಕಳಿಸಿದ್ರೆ ನಾನು ಉಡುಪಿಗೆ ಮುಟ್ತೇನಾ? ಟಿಕೆಟ್ ದುಡ್ಡು ಉಳೀತದೆ ಮಾರಾಯ್ತಿ!"

ಚಂದ್ರಮತಿ ನಕ್ಕರು. ನಸೀಮಳೂ ನಕ್ಕಳು.

"ಅದನ್ನೇ ನೆನಪಿಟ್ಕೊಳ್ಳಿ ಮೋಹನಣ್ಣ. ಆ್ಯಪ್ ಮೋಸ ಅಲ್ಲ, ಒಳ್ಳೇದೇ. ಆದ್ರೆ ಫೋಟೋ ಹೋಗುದು ಬೇರೆ, ಹಣ ಬರುದು ಬೇರೆ."

"ಅದೆಂತ ಬೇರೆ?"

"ನೀವು ಫೋಟೋ ಕಳಿಸಿದ ಕೂಡ್ಲೆ ಖಾತೆಯಲ್ಲಿ ಮೊತ್ತ ಕಾಣ್ತದೆ. ಆದ್ರೆ ಚೆಕ್ ಬರ್ದವರ ಬ್ಯಾಂಕು, ಹೌದು, ಹಣ ಉಂಟು, ಸಹಿ ಸರಿ ಉಂಟು ಅಂತ ಹೇಳುವ ತನಕ ನಮ್ಮ ಬ್ಯಾಂಕು ಅದನ್ನು ಹಿಡ್ಕೊಳ್ತದೆ. ಹೋಲ್ಡ್ ಅಂತ ಹೇಳ್ತಾರೆ. ಬಡಿಸಿದ್ದು ಎಲೆಯಲ್ಲಿ ಕಾಣ್ತದೆ, ಉಣ್ಲಿಕ್ಕೆ ಮಾತ್ರ ಆಗುದಿಲ್ಲ."

"ಕಂಡದ್ದು ನನ್ನ ಹಣ ಅಲ್ವಾ?"

"ಎರಡು ಸಾಲು ಇರ್ತದೆ ಅಣ್ಣ. ಮೇಲೆ ದೊಡ್ಡ ಅಕ್ಷರದಲ್ಲಿ ಬ್ಯಾಲೆನ್ಸ್. ಕೆಳಗೆ ಸಣ್ಣದಾಗಿ ಅವೈಲೆಬಲ್ ಬ್ಯಾಲೆನ್ಸ್. ಆ ಕೆಳಗಿನದ್ದು ಮಾತ್ರ ನಿಮ್ಮದು. ಮತ್ತೊಂದು, ಹಣ ಕೈಗೆ ಬರುವ ತನಕ ಆ ಚೆಕ್ಕಿನ ಕಾಗದ ಜೋಪಾನ. ಬ್ಯಾಂಕಿನವರು ಯಾವಾಗ ಬೇಕಾದ್ರೂ ಕೇಳ್ಬಹುದು."

ಮೋಹನದಾಸ್ ತಲೆಯಾಡಿಸಿದರು. ನಮ್ಮವರ ತಲೆಯಾಡಿಸುವಿಕೆ ನಿಮಗೆ ಗೊತ್ತಲ್ಲ, ಕೇಳಿದ್ದಕ್ಕೂ ಅದೇ, ಕೇಳದ್ದಕ್ಕೂ ಅದೇ.

ಮರುದಿನ ಚೆಕ್ ಬಂತು. ಫೋಟೋ ತೆಗೆದು ಒತ್ತಿದರೆ ಆ್ಯಪ್ ಒಪ್ಪಲಿಲ್ಲ. ಮೊತ್ತ ಮಿತಿಗಿಂತ ಹೆಚ್ಚಾಗಿದೆ ಎಂದಿತು. ಪ್ರತಿ ಬ್ಯಾಂಕಿಗೂ ಹೀಗೊಂದು ಮಿತಿ ಇರುತ್ತದೆ. ಫೋನಿನಲ್ಲಿ ಒಂದು ಚೆಕ್ಕಿಗೆ ಇಷ್ಟು, ಒಂದು ದಿನಕ್ಕೆ ಇಷ್ಟು ಎಂದು. ಅದಕ್ಕಿಂತ ಹೆಚ್ಚಿನದ್ದಾದರೆ ಶಾಖೆಗೇ ಹೋಗಬೇಕು. ಮಿತಿ ಇಟ್ಟದ್ದು ನಮ್ಮನ್ನು ಸತಾಯಿಸಲಿಕ್ಕಲ್ಲ, ಮೋಸ ತಡೆಯಲಿಕ್ಕೆ. ಆದರೆ ಮೋಹನದಾಸ್‌ಗೆ ಅದು ತಮ್ಮನ್ನು ಅಡ್ಡಗಟ್ಟಿದ ಹಾಗೆ ಕಂಡಿತು. ಅವರು ಕಂಪನಿಯ ಅಕೌಂಟೆಂಟ್ ಯುಜಿನ್ ಹತ್ತಿರ ಹೋದರು. ಯುಜಿನ್ ಮಂಗಳೂರಿನವರು, ಉಪಕಾರಿ. ದೊಡ್ಡ ಚೆಕ್ಕನ್ನು ವಾಪಸ್ ತೆಗೆದುಕೊಂಡು, ಮುದೀರರ ಸಹಿ ಹಾಕಿಸಿ, ಎರಡು ಚಿಕ್ಕ ಚೆಕ್ ಮಾಡಿಕೊಟ್ಟರು. ಒಂದು ಕೂಡಲೇ ಸಿಕ್ಕಿತು, ಇನ್ನೊಂದು ಗುರುವಾರ ಸಿಕ್ಕಿತು. ಬ್ಯಾಂಕಿನ ಮಿತಿಯನ್ನು ತಾನು ಹಾರಿದೆ ಎಂದು ಮೋಹನದಾಸ್ ಮೀಸೆ ತಿರುವಿದರು.

ಇನ್ನು ಚಂದ್ರಮತಿಯ ಪದ್ಧತಿ ಹೇಳಬೇಕು. ಮನೆಗೆ ಹೊಸದಾಗಿ ಏನು ಬಂದರೂ ದೇವರ ಮುಂದೆ ಇಟ್ಟು, ದೀಪದ ಎಣ್ಣೆಗೆ ಬೆರಳು ತಾಗಿಸಿ, ಕುಂಕುಮ ಅದ್ದಿ, ಒಂದು ಬೊಟ್ಟು ಇಡದೆ ಅವರು ಮುಂದೆ ಹೋಗುವವರಲ್ಲ. ಫ್ರಿಜ್ಜಿಗೂ ಇಟ್ಟಿದ್ದಾರೆ, ಕಾರಿಗೂ ಇಟ್ಟಿದ್ದಾರೆ, ಮಗಳ ಡಿಗ್ರಿ ಸರ್ಟಿಫಿಕೇಟಿನ ಹಿಂದೆಯೂ ಒಂದು ಬೊಟ್ಟು ಉಂಟು. ನಗಬೇಡಿ. ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ಶಾಖೆಗೆ ಹೋಗುವ ಕಾಲದಲ್ಲಿ ಗಂಡ ಆಫೀಸಿನಿಂದ ನೇರವಾಗಿ ಬ್ಯಾಂಕಿಗೆ ಹೋಗುತ್ತಿದ್ದರು, ಚೆಕ್ ಮನೆಗೇ ಬರುತ್ತಿರಲಿಲ್ಲ. ಈಗ ಫೋನಿನ ದೆಸೆಯಿಂದ ಮನೆಗೆ ಬಂತು. ಮಗಳ ಮದುವೆಯ ತಿಂಗಳು ಬೇರೆ. ಚಂದ್ರಮತಿ ಬೊಟ್ಟು ಇಡದೆ ಇರುವುದುಂಟೆ?

ಮೊದಲ ಚೆಕ್ಕಿನ ಬೊಟ್ಟು ಮೇಲಿನ ಖಾಲಿ ಮೂಲೆಯಲ್ಲಿ ಬಿತ್ತು. ಫೋಟೋ ಹೋಯಿತು. ಮರುದಿನವೇ ಹಣವೂ ಸಿಕ್ಕಿತು. ಅಲ್ಲಿಗೆ ಮೋಹನದಾಸ್ ಪೂರ್ತಿ ಮಗುಚಿಬಿಟ್ಟರು. ಫೋನನ್ನೇ ನಂಬದಿದ್ದವರು ಈಗ ಫೋನನ್ನು ಬಿಟ್ಟು ಬೇರೆ ಯಾರನ್ನೂ ನಂಬದವರಾದರು.

ಎರಡನೆಯ ಚೆಕ್ಕು ಗುರುವಾರ ಸಂಜೆ ಮನೆಗೆ ಬಂತು. ಬಾಡಿಗೆ ಚೆಕ್ಕಿನ ತಾರೀಕು ಭಾನುವಾರ, ಮದುವೆಗೆ ಎರಡು ವಾರ ಮೊದಲು. ಚಂದ್ರಮತಿ ಈ ಸಲ ಬೊಟ್ಟನ್ನು ಕೆಳಗಿನ ಬಿಳಿ ಪಟ್ಟಿಯ ಮೇಲೆ ಇಟ್ಟರು. ಅಲ್ಲಿ ಒಂದು ಸಾಲು ಅಂಕೆಗಳಿರುತ್ತವೆ. ಯಂತ್ರ ಓದುವುದು ಆ ಸಾಲನ್ನೇ. ಎಣ್ಣೆ ಹರಡಿತು, ಕುಂಕುಮವೂ ಜೊತೆಗೆ ಹರಡಿತು. ಮೋಹನದಾಸ್ ಒರೆಸಿದರು, ಅದು ಇನ್ನಷ್ಟು ಹರಡಿತು. ಆ್ಯಪ್ ಮೊದಲು ಗೊಣಗಿದರೂ ಕೊನೆಗೆ ಫೋಟೋ ತೆಗೆದುಕೊಂಡಿತು. ಬ್ಯಾಲೆನ್ಸಿನಲ್ಲಿ ಪೂರ್ತಿ ಮೊತ್ತ ಬಂತು.

"ಖಲಾಸ್! ಬಾಡಿಗೆ ಮುಗೀತು," ಎಂದು ಅವರು ಅಂಗಳಕ್ಕೆ ಬಂದು ಸಾರಿದರು.

ಬಟ್ಟೆ ಒಣಹಾಕುತ್ತಿದ್ದ ನಸೀಮ ಕೇಳಿದಳು. "ಯಾವಾಗ ಹಾಕಿದ್ದು ಅಣ್ಣ, ಈಗವಾ?"

"ಈಗ. ಹಣ ಬಂದೂ ಆಯ್ತು. ನೋಡು."

"ಇದು ಮೇಲಿನ ಸಾಲು. ಕೆಳಗೆ ನೋಡಿ, ಇನ್ನೂ ಬರ್ಲಿಲ್ಲ. ಗುರುವಾರ ಸಂಜೆ ಹಾಕಿದ್ದು ಅವರ ಲೆಕ್ಕದಲ್ಲಿ ಭಾನುವಾರ ಹಾಕಿದ ಹಾಗೆ. ಶುಕ್ರವಾರ, ಶನಿವಾರ ರಜೆ ಅಲ್ವಾ? ನಿಮ್ಮ ಬಾಡಿಗೆ ಚೆಕ್ ಭಾನುವಾರ ಬೆಳಿಗ್ಗೆಯೇ ಹಾಕಿದ್ರೆ ಎಂತ ಮಾಡ್ತೀರಿ? ಆ ಆಫೀಸಿಗೆ ಒಂದು ಫೋನ್ ಮಾಡಿ, ಎರಡು ದಿನ ಬಿಟ್ಟು ಹಾಕ್ಲಿಕ್ಕೆ ಹೇಳಿ. ಇಲ್ಲಾಂದ್ರೆ ನಿಮ್ಮ ಸಂಬಳದ ಹಣ ಮುಟ್ಟದೆ ಇಡಿ."

"ಸಂಬಳದ್ದು ಮದುವೆ ಹಾಲ್‌ನವರಿಗೆ ಈಗಷ್ಟೇ ಕಳಿಸಿದೆ. ಇದು ಬಂತಲ್ಲ, ಮತ್ತೆಂತ?"

"ಅಣ್ಣಾ, ಇದು ಬರ್ಲಿಲ್ಲ."

"ಮೊನ್ನೆಯದ್ದು ಮರುದಿನವೇ ಬಂತು. ನೀನು ಬ್ಯಾಂಕು ಬಿಟ್ಟು ಎಷ್ಟು ವರ್ಷ ಆಯ್ತು ನಸೀಮಾ? ಆ ಕಾಲ ಹೋಯ್ತು. ಈಗ ಎಲ್ಲ ಸ್ಪೀಡು."

ನಸೀಮ ಬುಟ್ಟಿ ಎತ್ತಿಕೊಂಡು ಮೇಲೆ ಹೋದಳು. ಅವಳಿಗೆ ಬೇಸರವಾಗಿತ್ತು. ಇಲ್ಯಾಸ್ ಹತ್ತಿರ ಹೇಳಿ ಅತ್ತದ್ದು ನನಗೆ ಆಮೇಲೆ ಗೊತ್ತಾಯಿತು. ಹಿತವಚನ ಕಹಿ ಎಂದು ನಾವು ಗಾದೆ ಹೇಳುತ್ತೇವೆ, ಹೇಳಿದವರನ್ನೇ ಕಹಿ ಮಾಡಿ ಕಳಿಸುತ್ತೇವೆ.

ಭಾನುವಾರ ಮಧ್ಯಾಹ್ನ ಮೋಹನದಾಸ್ ಫೋನಿಗೆ ಬ್ಯಾಂಕಿನಿಂದ ಎರಡು ಸಂದೇಶ ಬಂದವು. ಒಂದು, ನಿಮ್ಮ ಬಾಡಿಗೆ ಚೆಕ್ ಹಣ ಸಾಲದೆ ವಾಪಸಾಗಿದೆ. ಇನ್ನೊಂದು, ನೀವು ಗುರುವಾರ ಹಾಕಿದ ಚೆಕ್ಕಿನ ಚಿತ್ರ ಓದಲಿಕ್ಕೆ ಬರುವುದಿಲ್ಲ, ಮೂಲ ಚೆಕ್ಕನ್ನು ಶಾಖೆಗೆ ತನ್ನಿ.

ಅವರು ಮನೆಗೆ ಓಡಿ ಬಂದರು.

"ಆ ಚೆಕ್ ಎಲ್ಲಿಟ್ಟಿದ್ದಿ?"

"ಯಾವುದು? ನೀವು ಖಲಾಸ್ ಅಂದ್ರಲ್ಲ."

"ಎಲ್ಲಿ ಹೇಳು!"

"ದೇವರ ಕುಂಕುಮ ಹಚ್ಚಿದ್ದನ್ನು ಕಸದ ಡಬ್ಬಿಗೆ ಹಾಕ್ಲಿಕ್ಕುಂಟಾ? ಕಾಲಿಗೆ ಸಿಕ್ಕಿದ್ರೆ ಎಂತ ಗತಿ? ತುಳಸಿ ಬುಡಕ್ಕೆ ಹಾಕಿದೆ," ಅಂದರು ಚಂದ್ರಮತಿ.

ನಿರ್ಮಾಲ್ಯ ತುಳಸಿ ಬುಡಕ್ಕೆ. ಅವರ ತಾಯಿ ಕಲಿಸಿದ್ದು ಹಾಗೆ, ನನ್ನ ತಾಯಿ ಕಲಿಸಿದ್ದೂ ಹಾಗೆಯೇ. ಅಂಗಳದ ಕುಂಡದಲ್ಲಿ ತುಳಸಿ ಇತ್ತು. ಈ ಊರಿನ ಬಿಸಿಲಿಗೆ ಬಾಡದಿರಲೆಂದು ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದರು. ಮೋಹನದಾಸ್ ಕೈಯಿಂದ ಮಣ್ಣು ಬಗೆದರು. ಸಿಕ್ಕಿದ್ದು ಕೆಂಪು ಮೆತ್ತಿದ ಒದ್ದೆ ಕಾಗದದ ಮುದ್ದೆ. ಬಿಡಿಸಲು ಹೋದರೆ ಬೆರಳಿಗೇ ಅಂಟಿತು.

ಆಗ ಅವರು ಹೆಂಡತಿಯನ್ನು ಬೈದ ಬೈಗುಳ ಇಡೀ ವಿಲ್ಲಾಕ್ಕೆ ಕೇಳಿತು. ನಿನ್ನ ಕುಂಕುಮದಿಂದ ಮನೆ ಹಾಳಾಯಿತು ಅಂದರು. ಇನ್ನೂ ಏನೇನೋ ಅಂದರು, ಅದನ್ನು ನಾನು ಬರೆಯುವುದಿಲ್ಲ. ಚಂದ್ರಮತಿ ಮಣ್ಣಾದ ಅಂಗಳದಲ್ಲಿ ಕುಳಿತುಬಿಟ್ಟರು.

ನಸೀಮ ಇಳಿದು ಬಂದಳು. ಬಂದವಳು ಮೊದಲು ಚಂದ್ರಮತಿಯ ಪಕ್ಕ ಹೋಗಿ ನಿಂತಳು.

"ಮೋಹನಣ್ಣ, ಚಂದ್ರಕ್ಕನನ್ನು ಬೈಬೇಡಿ. ಆ ಚೆಕ್ಕಿಗೆ ಕುಂಕುಮ ತಾಗದೇ ಇದ್ದಿದ್ರೂ ಇವತ್ತು ಬೌನ್ಸ್ ಆಗ್ತಿತ್ತು. ಹಣ ಹೋಲ್ಡಿನಲ್ಲಿ ಇತ್ತು. ಅದು ನಿಮಗೆ ಗೊತ್ತಿತ್ತು. ಕುಂಕುಮದಿಂದ ಆದದ್ದು ಏನಂದ್ರೆ, ನಾಳೆ ನಾಡಿದ್ದು ಸರಿ ಆಗ್ಲಿಕ್ಕಿದ್ದದ್ದು ಈಗ ಆಗುದಿಲ್ಲ. ಅಕ್ಕನಿಗೆ ಆ ಕಾಗದ ಬೇಕಾಗ್ತದೆ ಅಂತ ನೀವು ಹೇಳಿದ್ರಾ?"

ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಬ್ಯಾಂಕಿನ ವಿಷಯ ಹೆಂಗಸರಿಗೆ ಯಾರು ಹೇಳುತ್ತಾರೆ? ಬೈಯುವಾಗ ಮಾತ್ರ ನಾವು ಪಾಲುದಾರರು.

ಮರುದಿನ ಮೋಹನದಾಸ್ ಯುಜಿನ್ ಹತ್ತಿರ ಹೋದರು.

"ಹಳೆ ಚೆಕ್ಕಿಗೆ ತಡೆ ಹಾಕಿ ಹೊಸದು ಕೊಡ್ಬಹುದು ಮೋಹನಣ್ಣ. ಆದ್ರೆ ಸಹಿ ಹಾಕುವ ಮುದೀರ್ ನಿನ್ನೆ ರಜೆಯಲ್ಲಿ ಹೋದ್ರು. ಬರುದು ನಿಮ್ಮ ಮಗಳ ಮದುವೆ ಕಳೆದ ಮೇಲೆ."

"ನೀನು ಹಾಕ್ಲಿಕ್ಕೆ ಆಗುದಿಲ್ವಾ?"

"ನಾನು ಸಹಿ ಹಾಕಿದ್ರೆ ನಾನೂ ಒಳಗೆ," ಎಂದರು ಯುಜಿನ್.

ಮನೆ ಕೊಟ್ಟ ಆಫೀಸಿನಲ್ಲಿ ಇದ್ದವರು ಕುಂಞಾಲಿ ಎಂಬ ಗುಮಾಸ್ತರು. ಹಳೆಯ ಪರಿಚಯ. ಮೋಹನದಾಸ್ ಎಲ್ಲವನ್ನೂ ಹೇಳಿದರು. ಮದುವೆ ಮುಗಿಸಿ ಬಂದ ಕೂಡಲೇ ಕೊಡುತ್ತೇನೆ ಅಂದರು. ಕುಂಞಾಲಿ ಅವರ ಬೆನ್ನು ತಟ್ಟಿದರು.

"ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ, ಭಾಯ್. ಎಷ್ಟು ವರ್ಷದ ಮನುಷ್ಯ ನೀವು! ಹೋಗಿ, ಮಗಳ ಮದುವೆ ಮಾಡಿ ಬನ್ನಿ."

ಸಂಜೆ ನಸೀಮ ಕೇಳಿದಳು. "ಬರಹದಲ್ಲಿ ತಗೊಂಡ್ರಾ ಅಣ್ಣ?"

"ಬೆನ್ನು ತಟ್ಟಿ ಹೇಳಿದ್ದಾರೆ, ಮತ್ತೆಂತ ಬರಹ?"

ಇಲ್ಯಾಸ್ ಹೆಂಡತಿಯ ಪಕ್ಕದಲ್ಲೇ ನಿಂತಿದ್ದರು. "ಬೇಕಾದ್ರೆ ನಾವು ಸ್ವಲ್ಪ ಹಣ ಕೂಡಿಸ್ತೇವೆ, ಕಟ್ಟಿಬಿಡಿ," ಅಂದರು. ಮೋಹನದಾಸ್ ಬೇಡ ಅಂದರು. ಮಗಳ ಮದುವೆಗೆ ಕೈಗಡ ಮಾಡಿದ ಎಂದು ಊರಿನಲ್ಲಿ ಮಾತು ಬರುತ್ತದಂತೆ. ಮಾತು ಬಾರದ ಹಾಗೆ ನೋಡಿಕೊಂಡರು, ಸರಿ.

ಮದುವೆಯ ಮೊದಲಿನ ಗುರುವಾರ ಮಧ್ಯಾಹ್ನದ ವಿಮಾನ. ಅಬುಧಾಬಿ ವಿಮಾನ ನಿಲ್ದಾಣದಲ್ಲಿ ಚಂದ್ರಮತಿ ಸಾಲಿನಲ್ಲಿ ಮುಂದಿದ್ದರು. ಅವರ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು, ಆಚೆ ದಾಟಿದರು. ಮೋಹನದಾಸ್ ಪಾಸ್‌ಪೋರ್ಟ್ ಕೊಟ್ಟರು. ಅಧಿಕಾರಿ ಪರದೆ ನೋಡಿದರು, ಮತ್ತೊಮ್ಮೆ ನೋಡಿದರು, ಸಭ್ಯವಾಗಿಯೇ ಹೇಳಿದರು. ಚೆಕ್ ಕೇಸ್ ಇದೆ, ಪಕ್ಕಕ್ಕೆ ಬನ್ನಿ.

ಕುಂಞಾಲಿ ಸುಳ್ಳು ಹೇಳಿದ್ದಲ್ಲ. ಅವರ ಬಾಯಿಯಲ್ಲಿ ಮಾಫಿ ಮುಶ್ಕಿಲ್ ಇತ್ತು. ಆದರೆ ಆ ಆಫೀಸಿನ ವಕೀಲರಿಗೆ ಮೋಹನದಾಸ್ ಯಾರೆಂದು ಗೊತ್ತಿಲ್ಲ. ಬೌನ್ಸ್ ಆದ ಚೆಕ್ಕುಗಳನ್ನೆಲ್ಲ ಒಟ್ಟಿಗೆ ಪೊಲೀಸರಿಗೆ ಕೊಡುವುದು ಅವರ ಕೆಲಸ. ಕೊಟ್ಟಿದ್ದರು.

ಗೆರೆಯ ಆಚೆ ಚಂದ್ರಮತಿ, ಈಚೆ ಮೋಹನದಾಸ್. ಚಂದ್ರಮತಿ ವಾಪಸ್ ಬರಲು ಹೊರಟರು.

"ಬರ್ಬೇಡ. ನೀನು ಹೋಗು," ಎಂದು ಮೋಹನದಾಸ್ ಕೂಗಿ ಹೇಳಿದರು. "ಹುಡುಗಿಗೆ ಒಬ್ಬರಾದ್ರೂ ಬೇಕು."

ಚಂದ್ರಮತಿಯ ಕೈಚೀಲದಲ್ಲಿ ಧಾರೆಯ ಪಂಚೆ ಶಾಲು ಇತ್ತು. ಅದು ಮಾತ್ರ ಅವರ ಜೊತೆ ಹೋಯಿತು. ವಿಮಾನದಲ್ಲಿ ಪಕ್ಕದ ಸೀಟು ಖಾಲಿ ಇತ್ತು. ಊರು ಮುಟ್ಟುವ ತನಕ ಒಂದು ಲೋಟ ನೀರೂ ಕುಡಿಯಲಿಲ್ಲವಂತೆ.

ಅಂದು ಸಂಜೆ ಇಲ್ಯಾಸ್ ಪೊಲೀಸ್ ಠಾಣೆಗೆ ಹೋಗಿ ತಮ್ಮ ಪಾಸ್‌ಪೋರ್ಟನ್ನು ಜಾಮೀನಾಗಿ ಇಟ್ಟು ಮೋಹನದಾಸ್‌ರನ್ನು ಬಿಡಿಸಿ ತಂದರು. ಮೋಹನದಾಸ್ ಹಗುರವಾಗಿ ಮಾತಾಡಿ ಕಳಿಸಿದ್ದ ನಸೀಮಳ ಗಂಡ. ಶುಕ್ರವಾರ ಇಲ್ಯಾಸ್, ಯುಜಿನ್, ಇನ್ನೂ ನಾಲ್ಕು ಜನ ಸೇರಿ ಹಣ ಕೂಡಿಸಿದರು. ಆಗ ಯಾವ ಮಾತೂ ಅಡ್ಡ ಬರಲಿಲ್ಲ. ಆದರೆ ಹಣ ಕೊಟ್ಟರೆ ಮಾತ್ರ ಸಾಲದು. ಹಣ ಮುಟ್ಟಿದೆ, ದೂರು ವಾಪಸ್ ತೆಗೆದುಕೊಂಡಿದ್ದೇವೆ ಎಂದು ಮನೆ ಆಫೀಸಿನವರು ಪತ್ರ ಕೊಡಬೇಕು. ಅದನ್ನು ಸರಕಾರಿ ಕಚೇರಿಗೆ ಕೊಟ್ಟು ಪ್ರಯಾಣದ ತಡೆ ತೆಗೆಸಬೇಕು. ಶುಕ್ರವಾರ ಮುಚ್ಚಿತ್ತು. ಶನಿವಾರ ಮುಚ್ಚಿತ್ತು. ಭಾನುವಾರ ತೆರೆಯುವ ಹೊತ್ತಿಗೆ ಉಡುಪಿಯಲ್ಲಿ ಮುಹೂರ್ತ.

ಆ ಭಾನುವಾರ ಬೆಳಿಗ್ಗೆ ನಸೀಮಳ ಮನೆಯ ಹಾಲ್‌ನಲ್ಲಿ ಮೋಹನದಾಸ್ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕುಳಿತರು. ನಾನೂ ಅಲ್ಲಿದ್ದೆ. ಕೈಯಲ್ಲಿ ಅದೇ ಫೋನು. ಉಡುಪಿಯ ಮದುವೆ ಹಾಲ್‌ನಲ್ಲಿ ಮುಂದಿನ ಸಾಲಿನ ಕುರ್ಚಿಯೊಂದರ ಮೇಲೆ ಯಾರೋ ಅವರ ಶಾಲು ಮಡಚಿಟ್ಟು, ಅದಕ್ಕೆ ಇನ್ನೊಂದು ಫೋನು ಒರಗಿಸಿ, ವಿಡಿಯೋ ಕಾಲ್ ಹಚ್ಚಿದ್ದರು. ಅಪ್ಪನ ಕುರ್ಚಿ ಖಾಲಿ ಕಾಣಬಾರದೆಂದು.

ವಾಲಗ ಏರಿತು. ದೀಕ್ಷಿತಾ ಮಂಟಪಕ್ಕೆ ಬಂದಳು. ಅಪ್ಪನ ಜಾಗದಲ್ಲಿ ಧಾರೆಗೆ ಚಂದ್ರಮತಿಯ ಅಣ್ಣ ನಿಂತಿದ್ದರು. ಅವಳು ಒಮ್ಮೆ ತಿರುಗಿ ಆ ಕುರ್ಚಿಯ ಕಡೆ ನೋಡಿದಳು. "ಪಪ್ಪಾ, ಕ್ಯಾನ್ ಯು ಸೀ ಮೀ?" ಎಂದು ಕೇಳಿದ್ದು ನಮಗೆ ಕೇಳಿಸಿತು.

"ಕಾಣ್ತದೆ ಮಗಾ, ಕಾಣ್ತದೆ," ಎಂದರು ಮೋಹನದಾಸ್. ಅವರ ಮಾತು ಅವಳಿಗೆ ಮುಟ್ಟಲಿಲ್ಲ. ಧಾರೆಯ ನೀರು ಬೀಳುವ ಹೊತ್ತಿಗೆ ಚಿತ್ರ ನಿಂತುಹೋಯಿತು. ಸೋದರಮಾವನ ಕೈಯ ಕಲಶ ಬಗ್ಗಿದ್ದು ಕಂಡಿತು, ನೀರು ಬಿದ್ದದ್ದು ಕಾಣಲಿಲ್ಲ.

ನಸೀಮ ಫೋನನ್ನು ಮೆಲ್ಲನೆ ಅವರ ಕೈಯಿಂದ ತೆಗೆದುಕೊಂಡಳು. ಮೋಹನದಾಸ್ ಅವಳ ಕಡೆ ತಿರುಗಿದರು.

"ನಾನು ತಮಾಷೆ ಮಾಡಿದ್ದೆ ನಸೀಮಾ. ನನ್ನ ಫೋಟೋ ಕಳಿಸಿದ್ರೆ ನಾನು ಮುಟ್ತೇನಾ ಅಂತ. ನೋಡು, ಫೋಟೋ ಮುಟ್ಟಿತು."

ನಾನು ನಿಮಗೆ ಹೇಳಿದ್ದೆನಲ್ಲ ಎಂಬ ಒಂದು ಮಾತು ನಸೀಮಳ ಬಾಯಿಂದ ಆ ದಿನವೂ ಬರಲಿಲ್ಲ, ಇವತ್ತಿನ ತನಕವೂ ಬಂದಿಲ್ಲ. ನಾನಾಗಿದ್ದರೆ ಹೇಳುತ್ತಿದ್ದೆ.

ಸೋಮವಾರ ಪತ್ರ ಸಿಕ್ಕಿತು, ಅದೇ ವಾರ ತಡೆಯೂ ಹೋಯಿತು, ಇಲ್ಯಾಸರ ಪಾಸ್‌ಪೋರ್ಟೂ ವಾಪಸ್ ಬಂತು. ರಜೆಯಿಂದ ಬಂದ ಮುದೀರ್ ಹೊಸ ಚೆಕ್ಕಿಗೆ ಸಹಿ ಹಾಕಿದರು. ಎಲ್ಲ ಸರಿಯಾಯಿತು. ಸರಿಯಾಗದೆ ಉಳಿದದ್ದು ಒಂದೇ, ಅದಕ್ಕೆ ಯಾವ ಕಚೇರಿಯಲ್ಲೂ ಪತ್ರ ಕೊಡುವುದಿಲ್ಲ.

ಚಂದ್ರಮತಿ ಊರಿಂದ ಬಂದ ಮೇಲೆ ಗಂಡನ ಜೊತೆ ಜಗಳ ಮಾಡಲಿಲ್ಲ. ನೇರ ಮಹಡಿಗೆ ಹೋಗಿ ನಸೀಮಳ ಎದುರು ಕುಳಿತರು.

"ನನಗೆ ಓದ್ಲಿಕ್ಕೆ ಕಲಿಸು. ಮೇಲಿನ ಸಾಲು ಯಾವುದು, ಕೆಳಗಿನ ಸಾಲು ಯಾವುದು, ಎಲ್ಲ."

ಈಗ ಆ ಮನೆಗೆ ಚೆಕ್ ಬಂದರೆ ಬೊಟ್ಟು ಬೀಳುವುದು ಅದರ ಕವರಿಗೆ. ಚೆಕ್ಕಿಗೆ ಎಣ್ಣೆ ಕೈ ತಾಗುವುದಿಲ್ಲ. ಫೋಟೋ ಹೋದ ಮೇಲೂ ಅದು ದೇವರ ಪಟದ ಹಿಂದೆ ಭದ್ರ. ಕೆಳಗಿನ ಸಾಲಿನಲ್ಲಿ ಹಣ ಕಂಡು, ಬ್ಯಾಂಕ್ ಹೇಳಿದಷ್ಟು ದಿನ ಕಳೆಯುವ ತನಕ ಅಲ್ಲಿಂದ ಅಲ್ಲಾಡುವುದಿಲ್ಲ. "ಬಂತಾ?" ಎಂದು ಮೋಹನದಾಸ್ ಕೇಳಿದರೆ, "ಕಾಣ್ತದೆ, ಬರ್ಲಿಲ್ಲ," ಎಂದು ಹೇಳುವವರು ಚಂದ್ರಮತಿಯೇ. ಮೋಹನದಾಸ್ ಎದುರು ಮಾತಾಡುವುದಿಲ್ಲ.

ಇನ್ನು ನಿಮ್ಮ ಸರದಿ, ಅಕ್ಕಂದಿರೇ, ಅಣ್ಣಂದಿರೇ. ಫೋನಿನಲ್ಲಿ ಚೆಕ್ ಹಾಕುವುದನ್ನು ನಾನು ಬೇಡ ಅನ್ನುವುದಿಲ್ಲ, ನಾನೂ ಹಾಕುತ್ತೇನೆ. ಆದರೆ ನಿಮ್ಮ ಬ್ಯಾಂಕು ಫೋನಿನಲ್ಲಿ ಎಷ್ಟು ಮೊತ್ತದ ತನಕ ಒಪ್ಪುತ್ತದೆ, ಎಷ್ಟು ಹೊತ್ತಿಗೆ ಆ ದಿನದ ಬಾಗಿಲು ಮುಚ್ಚುತ್ತದೆ, ಹಣವನ್ನು ಎಷ್ಟು ದಿನ ಹಿಡಿದಿಡುತ್ತದೆ, ಇಷ್ಟನ್ನು ಇಂದೇ ಫೋನ್ ಮಾಡಿ ಕೇಳಿ. ಒಂದೊಂದು ಬ್ಯಾಂಕಿನದ್ದು ಒಂದೊಂದು ಕ್ರಮ, ನೆರೆಮನೆಯವರ ಬ್ಯಾಂಕಿನದ್ದು ನಿಮಗೆ ನಡೆಯುವುದಿಲ್ಲ. ಬಾಡಿಗೆ ಚೆಕ್ಕಿನ ತಾರೀಕಿಗೆ ಒಂದು ವಾರ ಮೊದಲೇ ಹಣ ಕೆಳಗಿನ ಸಾಲಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಚೆಕ್ಕಿಗೆ ಕುಂಕುಮ ಬೇಡ, ಅರಿಶಿನ ಬೇಡ, ಪಿನ್ನೂ ಬೇಡ, ಮಡಚುವುದೂ ಬೇಡ. ಭಕ್ತಿ ಕವರಿನ ಮೇಲೆ ಇರಲಿ. ಒಂದು ವೇಳೆ ಬೌನ್ಸ್ ಆದರೆ ಬೆನ್ನು ತಟ್ಟಿದ ಮಾತನ್ನು ನಂಬಿ ವಿಮಾನ ಹತ್ತಲು ಹೋಗಬೇಡಿ, ಹಣ ಕಟ್ಟಿ, ಬರಹದಲ್ಲಿ ಪತ್ರ ತೆಗೆದುಕೊಳ್ಳಿ. ಮತ್ತೆ ಇದನ್ನೆಲ್ಲ ಮನೆಯ ಹೆಂಗಸರಿಗೂ ಹೇಳಿ. ನೀವು ಹೇಳದೆ ಇದ್ದದ್ದಕ್ಕೆ ಅವರನ್ನು ಬೈಯಬೇಡಿ.

ದೀಕ್ಷಿತಾಳ ಮದುವೆಯ ಆಲ್ಬಮ್ ಬಂದಿದೆ. ದಪ್ಪ ಆಲ್ಬಮ್, ಚಂದ ಉಂಟು. ಅದರಲ್ಲಿ ಮುಂದಿನ ಸಾಲಿನ ಒಂದು ಕುರ್ಚಿಯ ಚಿತ್ರ ಇದೆ. ಕುರ್ಚಿಯ ಮೇಲೆ ಮಡಚಿದ ಶಾಲು, ಶಾಲಿನ ಮೇಲೆ ಒಂದು ಫೋನು. ಚಂದ್ರಮತಿ ಯಾರಿಗೆ ಆಲ್ಬಮ್ ತೋರಿಸಿದರೂ ಆ ಪುಟವನ್ನು ಬೇಗ ಮಗುಚುತ್ತಾರೆ.

ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ನಿಮ್ಮ ಕುರ್ಚಿಯ ಮೇಲೆ ನೀವೇ ಕುಳಿತಿರಬೇಕು. ಅದಕ್ಕಾಗಿ ಇವತ್ತೇ ಮನೆಗೆ ಹೋಗಿ ಫೋನು ತೆರೆದು ಕೆಳಗಿನ ಸಾಲು ಓದಿ.